ರಸ್ತೆಯಿಲ್ಲದ ರಾಜಧಾನಿಗೆ ಬೇಕಿರುವುದು ಹಡಗು

ಅಲಾಸ್ಕಾದ ರಾಜಧಾನಿ ಜುನೋಗೆ ಹೊರಗಿನಿಂದ ಒಂದೇ ಒಂದು ರಸ್ತೆಯೂ ಬರುವುದಿಲ್ಲ. ಬೆನ್ನಿಗೆ ಹಿಮ ಹೊತ್ತ ಬೆಟ್ಟಸಾಲು, ಎದುರಿಗೆ ಸಮುದ್ರ. ಊರಿನ ಹೆದ್ದಾರಿ ಉತ್ತರಕ್ಕೆ ಸುಮಾರು 65 ಕಿ.ಮೀ. ಸಾಗಿ ಎಕೋ ಕೋವ್ ಎಂಬಲ್ಲಿ ಮುಗಿದುಹೋಗುತ್ತದೆ. ಮುಂದೆ ಹೋಗಬೇಕಾದವರು ವಿಮಾನ ಇಲ್ಲವೇ ಹಡಗು ಹತ್ತಬೇಕು. ಮಂಜು ದಟ್ಟವಾಗಿ ಕವಿದರೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ಹೋಗಿಬಿಡುವುದೂ ಉಂಟು. ಸುಮಾರು 32 ಸಾವಿರ ಜನರ ಈ ಪುಟ್ಟ ಊರಿನಲ್ಲಿ ಶಾಸನಸಭೆ ಕೂರುತ್ತದೆ. ರಾಜ್ಯದ ಹೆಚ್ಚುಕಡಿಮೆ ಶೇ 40ರಷ್ಟು ಜನ ಇರುವುದು ಮಾತ್ರ 900 ಕಿ.ಮೀ. ಆಚೆಯ ಆಂಕರೇಜ್‌ನಲ್ಲಿ.

ಇಂಥ ಮೂಲೆಯಲ್ಲಿ ರಾಜಧಾನಿ ಏಕೆ ಬಂತು? ಚಿನ್ನ ಸಿಕ್ಕಿತು, ಅದಕ್ಕೆ. 1880ರಲ್ಲಿ ಟ್ಲಿಂಗಿಟ್ ಜನರ ಮುಖಂಡ ಕೋವಿ ಚಿನ್ನದ ಜಾಗ ತೋರಿಸಿದ; ಊರಿಗೆ ಹೆಸರಾದದ್ದು ಅವನ ಹಿಂದೆ ಬಂದ ಜೋ ಜುನೋ. ಹಡಗಿನಲ್ಲೇ ಓಡಾಟವಿದ್ದ ಕಾಲದಲ್ಲಿ, 1906ರಲ್ಲಿ, ಆಡಳಿತ ಸಿಟ್ಕಾದಿಂದ ಇಲ್ಲಿಗೆ ಬಂತು. ಆಮೇಲೆ ರೈಲು, ಸೇನಾನೆಲೆ, ಎಣ್ಣೆಯ ಹಣ ಎಲ್ಲವೂ ಉತ್ತರದ ಕಡೆ ಹರಿದವು. ಜನರೂ ಅತ್ತಲೇ ನೆಲೆಸಿದರು.

ರಾಜಧಾನಿ ಕದಲಿಸುವ ಮಾತು 1960ರಿಂದಲೇ ಮತಪೆಟ್ಟಿಗೆಗೆ ಬಂದಿದೆ. ಎರಡು ಸಲ ಸೋತ ಪ್ರಸ್ತಾಪ 1974ರಲ್ಲಿ ಗೆದ್ದಿತು. ಹೊಸ ಜಾಗ ಆಂಕರೇಜ್‌ನಿಂದಲೂ ಫೇರ್‌ಬ್ಯಾಂಕ್ಸ್‌ನಿಂದಲೂ ಕನಿಷ್ಠ 30 ಮೈಲಿ ದೂರವಿರಬೇಕು ಎಂಬ ಷರತ್ತು ಅದರಲ್ಲೇ ಇತ್ತು. ಆಂಕರೇಜ್ ಎಲ್ಲವನ್ನೂ ನುಂಗೀತು ಎಂಬ ಭಯ ಉಳಿದ ಊರುಗಳಿಗೆ. 1976ರಲ್ಲಿ ಮತದಾರರು ವಿಲೋ ಎಂಬ ಹಳ್ಳಿಯನ್ನು ಆರಿಸಿದರು. ಇನ್ನೇನು ಕಟ್ಟುವುದೊಂದೇ ಬಾಕಿ ಎನ್ನುವಾಗ ಲೆಕ್ಕ ಎದುರಿಗೆ ಬಂತು. 1978ರಲ್ಲಿ 96.6 ಕೋಟಿ ಡಾಲರ್ ಸಾಲಪತ್ರಕ್ಕೆ ಜನ ಒಪ್ಪಲಿಲ್ಲ. ಪೂರ್ತಿ ಖರ್ಚು ಮೊದಲು ನಮ್ಮ ಮುಂದಿಡಿ, ಆಮೇಲೆ ಕೇಳಿ ಎಂಬ ಕಾನೂನನ್ನೂ ಅದೇ ವರ್ಷ ತಾವೇ ಮತ ಹಾಕಿ ಮಾಡಿಕೊಂಡರು. 1982ರಲ್ಲಿ ಆ ಖರ್ಚು 280 ಕೋಟಿ ಡಾಲರ್ ದಾಟಿದಾಗ ವಿಲೋ ಕನಸು ಅಲ್ಲಿಗೇ ನಿಂತಿತು. 1994ರಲ್ಲಿ ರಾಜಧಾನಿಯನ್ನು ವಾಸಿಲ್ಲಾ ಎಂಬ ಊರಿಗೆ ಸಾಗಿಸುವುದೂ, 2002ರಲ್ಲಿ ಶಾಸನಸಭೆಯನ್ನಷ್ಟೇ ಒಯ್ಯುವುದೂ ಬಿದ್ದುಹೋದವು. ಜನರನ್ನು ಕೇಳುವ ಮುನ್ನ ಬೆಲೆ ಹೇಳಬೇಕೆಂಬ ಆ ಕಾನೂನು ಈ ಇಡೀ ಜಗಳದಲ್ಲಿ ಹುಟ್ಟಿದ ಅತ್ಯುತ್ತಮ ಸಂಗತಿ ಎಂದೇ ನಾನು ಭಾವಿಸುತ್ತೇನೆ.

ಸರಿ, ಊರು ಕದಲಿಸುವುದು ಬೇಡ, ರಸ್ತೆಯನ್ನಾದರೂ ತನ್ನಿ ಎಂಬುದು ಇನ್ನೊಂದು ವಾದ. ನಕ್ಷೆ ಬಿಡಿಸಿಟ್ಟು ನೋಡಿದರೆ ಅದು ನಿಲ್ಲುವುದಿಲ್ಲ. ಲಿನ್ ಕೆನಾಲ್ ಎಂಬ ಕಡಲತೋಳಿನ ಪೂರ್ವ ದಂಡೆಗುಂಟ ಬೆಟ್ಟ ಕೊರೆದು ಹೋಗಬೇಕಿದ್ದ ಆ ರಸ್ತೆಯ ಮೇಲೆ ಹಿಮ ಕುಸಿದು ಬೀಳುವ ಜಾಡುಗಳೇ ನಲವತ್ತಕ್ಕೂ ಹೆಚ್ಚು. ಚಳಿಗಾಲದಲ್ಲಿ, ಶಾಸನಸಭೆ ನಡೆಯುವ ತಿಂಗಳುಗಳಲ್ಲೇ, ಅದನ್ನು ಆಗಾಗ ಮುಚ್ಚಬೇಕಾಗುತ್ತಿತ್ತು. ಇಷ್ಟಾದ ಮೇಲೂ ಅದು ಕ್ಯಾಟ್ಸಹೀನ್ ನದಿಯ ಬಳಿ ಮುಗಿಯುತ್ತಿತ್ತು. ಅಲ್ಲಿ ಮತ್ತೆ ಹಡಗು! ಹೇನ್ಸ್ ಎಂಬ ಊರಿನಲ್ಲಿ ಇಳಿದು ಕೆನಡಾದ ಗಡಿ ದಾಟಿ, ಸುಮಾರು 1,200 ಕಿ.ಮೀ. ಓಡಿಸಿದರೆ ಆಂಕರೇಜ್. 57 ಕೋಟಿ ಡಾಲರ್ ಮೀರಿದ ಈ ಯೋಜನೆಯನ್ನು ಗವರ್ನರ್ ಬಿಲ್ ವಾಕರ್ 2016ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. ಒಳ್ಳೆಯದೇ ಆಯಿತು.

ದೂರದ ದೂರು ಸುಳ್ಳಲ್ಲ. ಅಹವಾಲು ಹೇಳಿಕೊಳ್ಳಲು ಬಡವರು ವಿಮಾನದ ಟಿಕೆಟ್ ಕೊಳ್ಳಬೇಕೆಂದರೆ ಅದು ಅನ್ಯಾಯವೇ. ಆದರೆ ಅಲಾಸ್ಕಾದ ಬಹುಪಾಲು ಹಳ್ಳಿಗಳಿಗೂ ರಸ್ತೆಯಿಲ್ಲ. ಅಂಥದ್ದೇ ಊರಾದ ಬೆಥೆಲ್‌ನವರು ಆಂಕರೇಜ್‌ಗೂ ಹಾರಿಯೇ ಹೋಗಬೇಕು. ರಾಜಧಾನಿ ಕದಲಿದರೆ ಅವರಿಗೆ ಉಳಿತಾಯವಾಗುವುದು ಒಂದು ವಿಮಾನ ಪ್ರಯಾಣ ಮಾತ್ರ. ಊರೂರಿನ ಶಾಸಕಾಂಗ ಮಾಹಿತಿ ಕಚೇರಿಗಳಲ್ಲಿ ಕೂತು ಫೋನಿನಲ್ಲೇ ಸದನ ಸಮಿತಿಗೆ ಸಾಕ್ಷ್ಯ ಹೇಳುವ ಏರ್ಪಾಡು ಅಲ್ಲಿ ದಶಕಗಳಿಂದ ಇದೆ. ಅದಕ್ಕೆ ಇನ್ನಷ್ಟು ಹಣ ಹಾಕಬೇಕು.

ಉಳಿದದ್ದು ಹಡಗು. 1963ರಲ್ಲಿ ಶುರುವಾದ ಸರ್ಕಾರಿ ಫೆರಿ ಸೇವೆ ಕಾರು, ಸಾಮಾನು, ರೋಗಿ, ಶಾಲೆಯ ಆಟದ ತಂಡ ಎಲ್ಲವನ್ನೂ ಹೊರುತ್ತದೆ. ಕ್ಯಾಬಿನ್ ಸಿಗದವರು ಮೇಲಿನ ಡೆಕ್ಕಿನಲ್ಲೇ ಗುಡಾರ ಹಾಕಿ, ಗಾಳಿಗೆ ಹಾರದಂತೆ ಅಂಚುಗಳನ್ನು ಅಂಟುಪಟ್ಟಿಯಿಂದ ನೆಲಕ್ಕೆ ಅಂಟಿಸಿ ಮಲಗುತ್ತಾರೆ. ಜುನೋದಿಂದ ಹೇನ್ಸ್‌ಗೆ ನಾಲ್ಕೂವರೆ ಗಂಟೆ. 2019ರಲ್ಲಿ ಈ ಸೇವೆಯ ಅನುದಾನಕ್ಕೇ ಕತ್ತರಿ ಬಿತ್ತು; ಆ ಚಳಿಗಾಲ ಕೆಲವು ಕರಾವಳಿ ಊರುಗಳು ತಿಂಗಳುಗಟ್ಟಲೆ ಹಡಗನ್ನೇ ಕಾಣಲಿಲ್ಲ. ಅರವತ್ತು ವರ್ಷ ಕಡಲಲ್ಲಿ ದುಡಿದ ಹಡಗುಗಳ ಜಾಗಕ್ಕೆ ಹೊಸವು ಬರಬೇಕು, ವೇಳಾಪಟ್ಟಿಯಲ್ಲಿ ಬರೆದ ದಿನ ಅವು ಹೊರಡಬೇಕು. ರಸ್ತೆಗೆಂದು ಎತ್ತಿಡುವ ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ.