ಮಲೆನಾಡಿನ ಮಳೆಯೂ ಮೋಟಾರಿನ ತಳವೂ

ಮೂಡಿಗೆರೆ, ಕಳಸಗಳ ಕಾಫಿ ತೋಟದ ಹಾದಿಗಳಲ್ಲಿ ಓಡಾಡುವ ಕಾರಿನ ಮೈಯನ್ನು ತೊಳೆದು ಹೊಳೆಯಿಸುವವರು ಬಹು ಮಂದಿ; ಬಗ್ಗಿ ಅಡಿಯನ್ನು ನೋಡುವವರು ವಿರಳ. ಕೇಡು ಮೊದಲಾಗುವುದಾದರೋ ಅಲ್ಲಿಯೇ.

ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆಯುತ್ತಿದ್ದ ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿದೆ. ಕುಲುಮೆಯಲ್ಲಿ ಬೇರ್ಪಟ್ಟ ಕಬ್ಬಿಣವು ನೀರೂ ಗಾಳಿಯೂ ದೊರೆತರೆ ಮರಳಿ ಅದನ್ನು ಕೂಡಿಕೊಳ್ಳುತ್ತದೆ, ಅದೇ ತುಕ್ಕು. ಚಕ್ರದ ಮೇಲಣ ಕಮಾನಿನಲ್ಲಿಯೂ ತಗಡಿನ ಸಂದುಗಳಲ್ಲಿಯೂ ಮೆತ್ತಿದ ಕೆಸರು ತೇವವನ್ನು ಹಿಡಿದಿಡುವುದರಿಂದ ಮಳೆ ನಿಂತರೂ ತುಕ್ಕು ನಿಲ್ಲದು. ಚಾರ್ಮಾಡಿ ಘಾಟಿಯನ್ನಿಳಿದು ಕಡಲತೀರಕ್ಕೆ ಹೋಗಿಬರುವ ಗಾಡಿಗೆ ಉಪ್ಪುಗಾಳಿಯ ಬಾಧೆಯೂ ಸೇರುತ್ತದೆ.

ರಕ್ಷಕ ಲೇಪಕ್ಕೆ ಬೇಸಿಗೆಯ ಒಣಹವೆಯೇ ತಕ್ಕ ಕಾಲ. ತಳವನ್ನು ತೊಳೆದು, ಚೆನ್ನಾಗಿ ಒಣಗಿಸಿ, ತುಕ್ಕನ್ನು ತಂತಿಯ ಬ್ರಷ್ಷಿನಿಂದ ಕೆರೆದು, ಮೊದಲು ಸತುವಿನ ಬಣ್ಣವನ್ನೂ ಅದು ಒಣಗಿದ ಮೇಲೆ ಡಾಂಬರಿನ ಅಥವಾ ರಬ್ಬರಿನ ಲೇಪವನ್ನೂ ಬಳಿಯಬೇಕು. ತುಕ್ಕಿನ ಮೇಲೆಯೇ ಬಳಿದ ಲೇಪ ಬೇಗನೆ ಬಿರಿಯುತ್ತದೆ. ಬಿರುಕಿನಲ್ಲಿ ನುಗ್ಗಿದ ನೀರು ಒಳಗೇ ನಿಂತು, ಕಣ್ಣಿಗೆ ಕಾಣದಂತೆ ತಗಡನ್ನು ತಿನ್ನುತ್ತದೆ. ನೀರು ಬಸಿಯುವ ರಂಧ್ರಗಳನ್ನು ಮುಚ್ಚಬಾರದು. ಹೊಗೆಕೊಳವೆಗೂ ಬ್ರೇಕಿನ ಭಾಗಗಳಿಗೂ ಲೇಪ ತಾಗಬಾರದು. ಜ್ಯಾಕೊಂದನ್ನೇ ನಂಬಿ ಗಾಡಿಯಡಿ ಮಲಗಲೂ ಬಾರದು.

ಇದು ಬರಿಯ ಅಂದದ ಮಾತಲ್ಲ. ಬ್ರೇಕಿನ ಎಣ್ಣೆಯನ್ನೊಯ್ಯುವ ಉಕ್ಕಿನ ಸಣ್ಣ ಕೊಳವೆಗಳೂ ತಳದಲ್ಲಿಯೇ ಇವೆ. ತುಕ್ಕು ತಿಂದ ಕೊಳವೆಯು ಬ್ರೇಕನ್ನು ಬಲವಾಗಿ ಒತ್ತಿದಾಗಲೇ ಒಡೆಯಬಹುದು. ಘಾಟಿಯ ಇಳಿಜಾರಿನಲ್ಲಿ ಅದರ ಅರ್ಥವೇನೆಂದು ಹೇಳಬೇಕಾಗಿಲ್ಲ. ಅಂಥದಕ್ಕೆ ಬಣ್ಣ ಮದ್ದಲ್ಲ, ಕೊಳವೆಯನ್ನೇ ಬದಲಾಯಿಸಬೇಕು. ಮಳೆಗೆ ಮುನ್ನ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ, ದೀಪ ಹಿಡಿದು ಅಡಿಯನ್ನು ನೋಡಿರಿ.