ಸರೋವರ ಒಂದೇ, ಊರು ಹತ್ತಾರು

ಬಚ್ಚಲಿನ ನೀರು ಚರಂಡಿ ಸೇರಿತೆಂದರೆ ಮನೆಯವರ ಪಾಲಿಗೆ ಅದರ ಕಥೆ ಮುಗಿಯಿತು. ಆದರೆ ನೀರಿನ ಪ್ರಯಾಣ ಆಗಷ್ಟೇ ಆರಂಭವಾಗಿರುತ್ತದೆ. ಅದು ಇಳಿಜಾರನ್ನು ಹುಡುಕಿಕೊಂಡು ಹೋಗುತ್ತದೆಯೇ ಹೊರತು ಊರಿನ ಎಲ್ಲೆಯನ್ನು ಲೆಕ್ಕಿಸುವುದಿಲ್ಲ. ಹಲವು ಊರುಗಳ ಕೊಳಚೆ ಒಂದೇ ಜಲಾಶಯಕ್ಕೆ ಬಂದು ಬೀಳುವಾಗ ಅದನ್ನು ಶುದ್ಧಗೊಳಿಸುವ ಖರ್ಚನ್ನು ಯಾರು ಹೊರಬೇಕು? ಅಮೆರಿಕದ ಸಿಯಾಟಲ್ ನಗರ ಮತ್ತು ಅದರ ನೆರೆಯ ಊರುಗಳು 1950ರ ದಶಕದಲ್ಲಿ ಈ ಪ್ರಶ್ನೆಯನ್ನು ಎದುರಿಸಿದವು.

ಸಿಯಾಟಲ್‌ನ ಪೂರ್ವಕ್ಕೆ ವಾಷಿಂಗ್ಟನ್ ಸರೋವರವಿದೆ. ಅದರ ಆಚೆಯ ದಡದಲ್ಲಿ ಬೆಲ್‌ವ್ಯೂ, ಕರ್ಕ್‌ಲೆಂಡ್, ದಕ್ಷಿಣದ ತುದಿಯಲ್ಲಿ ರೆಂಟನ್. ಸಾಫ್ಟ್‌ವೇರ್ ಉದ್ಯೋಗಕ್ಕೆಂದು ಹೋದ ಅನೇಕ ಕನ್ನಡ ಕುಟುಂಬಗಳು ಇಂದು ನೆಲೆಸಿರುವುದು ಇದೇ ಸೀಮೆಯಲ್ಲಿ. ಎರಡನೇ ಮಹಾಯುದ್ಧದ ನಂತರ ಈ ಊರುಗಳು ವೇಗವಾಗಿ ಬೆಳೆದವು. ಪ್ರತಿಯೊಂದಕ್ಕೂ ಅದರದೇ ಆಡಳಿತ, ಅದರದೇ ಕೊಳವೆ, ಅದರದೇ ಲೆಕ್ಕಪತ್ರ. 1950ರ ದಶಕದ ಮಧ್ಯಭಾಗಕ್ಕೆ ಸುಮಾರು ಹತ್ತು ಶುದ್ಧೀಕರಣ ಘಟಕಗಳು ತಮ್ಮ ನೀರನ್ನು ಸರೋವರಕ್ಕೆ ಬಿಡುತ್ತಿದ್ದವು.

ಶುದ್ಧ ಮಾಡಿದ ನೀರೂ ಕೆಡಿಸಿತು

ಶುದ್ಧ ಮಾಡಿದ ಮೇಲೂ ಸರೋವರ ಕೆಟ್ಟದ್ದು ಏಕೆ? ಆ ಘಟಕಗಳು ಕೊಳೆಯುವ ಪದಾರ್ಥವನ್ನೂ ರೋಗಾಣುಗಳನ್ನೂ ಬಹುಮಟ್ಟಿಗೆ ತೆಗೆಯುತ್ತಿದ್ದವು. ಆದರೆ ಮಲಮೂತ್ರ ಮತ್ತು ಸಾಬೂನು ಪುಡಿಗಳಿಂದ ಬರುವ ರಂಜಕ ನೀರಿನಲ್ಲಿಯೇ ಉಳಿಯುತ್ತಿತ್ತು. ರಂಜಕ, ಅಂದರೆ ಫಾಸ್ಫರಸ್, ಹೊಲಕ್ಕೆ ಹಾಕುವ ಗೊಬ್ಬರದ ಒಂದು ಮುಖ್ಯ ಅಂಶ. ಹೊಲದಲ್ಲಿ ಪೈರು ಬೆಳೆಸುವ ಅದೇ ವಸ್ತು ನೀರಿನಲ್ಲಿ ಪಾಚಿ ಬೆಳೆಸುತ್ತದೆ. ಪಾಚಿ ಸತ್ತು ಕೊಳೆಯುವಾಗ ಆಮ್ಲಜನಕ ಖರ್ಚಾಗಿ, ಮೀನುಗಳಿಗೆ ಉಸಿರು ಕಟ್ಟುತ್ತದೆ.

1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನಿ ಡಬ್ಲ್ಯು. ಟಿ. ಎಡ್ಮಂಡ್ಸನ್ ಅವರ ತಂಡಕ್ಕೆ ಸರೋವರದಲ್ಲಿ ‘ಆಸಿಲೇಟೋರಿಯಾ ರುಬೆಸೆನ್ಸ್’ ಎಂಬ ನೀಲಿ-ಹಸಿರು ಪಾಚಿ ಕಂಡಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರ ಕೆಟ್ಟಾಗಲೂ ಇದೇ ಪಾಚಿ ಕಾಣಿಸಿಕೊಂಡಿತ್ತು. ಹೀಗೇ ಬಿಟ್ಟರೆ ನೀರು ಇನ್ನೂ ಕೆಡುವುದೆಂದೂ, ಕೊಳಚೆಯನ್ನು ಬೇರೆಡೆಗೆ ತಿರುಗಿಸಿದರೆ ಸರೋವರ ಬೇಗ ಚೇತರಿಸಿಕೊಳ್ಳುವುದೆಂದೂ ಎಡ್ಮಂಡ್ಸನ್ ಮೊದಲೇ ಹೇಳಿದರು.

ಮೊದಲ ಮತದಾನದಲ್ಲಿ ಸೋಲು

ಒಂದು ಊರು ತನ್ನ ಕೊಳಚೆಯನ್ನು ನಿಲ್ಲಿಸಿದರೂ ಪಕ್ಕದ ಊರು ಬಿಡುತ್ತಲೇ ಇದ್ದರೆ ಫಲವಿಲ್ಲ. ವಕೀಲ ಜೇಮ್ಸ್ ಎಲ್ಲಿಸ್ ಮುಂತಾದವರು ಎಲ್ಲ ಊರುಗಳಿಗೂ ಸೇರಿ ‘ಮೆಟ್ರೊ’ ಎಂಬ ಸಂಸ್ಥೆ ಬೇಕೆಂದು ವಾದಿಸಿದರು. (ಇದು ರೈಲಿನ ಹೆಸರಲ್ಲ.) 1957ರಲ್ಲಿ ರಾಜ್ಯದ ಶಾಸನಸಭೆ ಇದಕ್ಕೆ ಕಾನೂನು ಮಾಡಿತು. ಆದರೆ ನಗರದಲ್ಲಿಯೂ ಹೊರವಲಯದಲ್ಲಿಯೂ ಪ್ರತ್ಯೇಕವಾಗಿ ಬಹುಮತ ದೊರೆಯಬೇಕಿತ್ತು.

1958ರ ಮಾರ್ಚಿಯಲ್ಲಿ ನಡೆದ ಮತದಾನದಲ್ಲಿ ಸಿಯಾಟಲ್ ಒಪ್ಪಿತು, ಹೊರವಲಯ ಒಪ್ಪಲಿಲ್ಲ. ಕೊಳಚೆಯ ಜೊತೆಗೆ ಬಸ್ ಸಾರಿಗೆ ಮತ್ತು ಪ್ರದೇಶ ಯೋಜನೆಯೂ ಮೆಟ್ರೊ ಕೈಗೆ ಹೋಗುವುದಿತ್ತು. ದೊಡ್ಡ ನಗರ ತಮ್ಮನ್ನು ನುಂಗೀತೆಂಬ ಭಯ ಚಿಕ್ಕ ಊರುಗಳಿಗೆ. ಬೆಂಬಲಿಗರು ಯೋಜನೆಯನ್ನು ಕೊಳಚೆ ನೀರಿಗೆ ಮಾತ್ರ ಸೀಮಿತಗೊಳಿಸಿದರು, ವಿರೋಧಿಸಿದ ಕೆಲವು ಪ್ರದೇಶಗಳನ್ನು ಕೈಬಿಟ್ಟರು. ಮಹಿಳೆಯರು ಮನೆಮನೆಗೆ ಹೋಗಿ ವಿವರಿಸಿದರು. ಸೆಪ್ಟೆಂಬರಿನಲ್ಲಿ ಎರಡೂ ಕಡೆ ಬಹುಮತ ದೊರೆಯಿತು.

ಸರೋವರದ ಸುತ್ತ ಬೃಹತ್ ಕೊಳವೆಗಳನ್ನು ಹೂಳಲಾಯಿತು. ರೆಂಟನ್ನಿನಲ್ಲಿ 1965ರಲ್ಲಿ, ವೆಸ್ಟ್ ಪಾಯಿಂಟಿನಲ್ಲಿ 1966ರಲ್ಲಿ ದೊಡ್ಡ ಘಟಕಗಳು ಆರಂಭವಾದವು. ಒಟ್ಟು ಖರ್ಚು ಸುಮಾರು 14 ಕೋಟಿ ಡಾಲರ್. ಇದಕ್ಕಾಗಿ ಮನೆಯೊಂದಕ್ಕೆ ತಿಂಗಳಿಗೆ ಬಿದ್ದ ಹೊರೆ ಸುಮಾರು 2 ಡಾಲರ್.

ತಟ್ಟೆ ಹೇಳಿದ ಸಾಕ್ಷಿ

ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಕಾಣದಾಗುವ ಆಳವನ್ನು ಅಳೆಯುವುದು ನೀರಿನ ತಿಳಿತನವನ್ನು ತಿಳಿಯುವ ಹಳೆಯ ವಿಧಾನ. ಇದಕ್ಕೆ ಸೆಕ್ಕಿ ತಟ್ಟೆ ಎಂದು ಹೆಸರು. 1964ರ ಬೇಸಿಗೆಯಲ್ಲಿ ವಾಷಿಂಗ್ಟನ್ ಸರೋವರದಲ್ಲಿ ತಟ್ಟೆ ಒಂದು ಮೀಟರ್ ಆಳಕ್ಕೂ ಮುನ್ನವೇ ಮರೆಯಾಗುತ್ತಿತ್ತು. ಕೊಳಚೆಯನ್ನು ತಿರುಗಿಸುವ ಕೆಲಸ 1963ರಲ್ಲಿ ಶುರುವಾಗಿ 1968ರಲ್ಲಿ ಮುಗಿಯಿತು. 1971ರ ಹೊತ್ತಿಗೆ ತಟ್ಟೆ 3 ಮೀಟರಿಗೂ ಹೆಚ್ಚು ಆಳದವರೆಗೆ ಕಾಣುತ್ತಿತ್ತು. ಎಡ್ಮಂಡ್ಸನ್ ಹೇಳಿದ್ದು ನಿಜವಾಯಿತು.

ಹಾಗೆಂದು ಕೊಳಚೆ ಮಾಯವಾಗಲಿಲ್ಲ. ವೆಸ್ಟ್ ಪಾಯಿಂಟಿನ ನೀರು ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಚಾಚಿಗೆ ಹೋಗುತ್ತದೆ. ಅಲ್ಲಿ ಎರಡನೇ ಹಂತದ ಶುದ್ಧೀಕರಣದ ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ಅದಕ್ಕೂ ಹಣ ಬೇಕಾಯಿತು.

ಇಂದಿನ ಲೆಕ್ಕ

ಯಾರು ದರ ನಿರ್ಧರಿಸಬೇಕೆಂಬುದೂ ಸುಲಭದ ವಿಷಯವಾಗಲಿಲ್ಲ. ಮೆಟ್ರೊ ಮಂಡಳಿಯಲ್ಲಿ ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯವಿಲ್ಲವೆಂದು 1990ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 1994ರಲ್ಲಿ ಮೆಟ್ರೊ ಕಿಂಗ್ ಕೌಂಟಿಯ ಆಡಳಿತದಲ್ಲಿ ವಿಲೀನವಾಯಿತು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಘಟಕ.

ಈಗ ಕೌಂಟಿಯ ಚುನಾಯಿತ ಮಂಡಳಿ ಪ್ರತಿವರ್ಷ ಮುಂದಿನ ವರ್ಷದ ದರವನ್ನು ಗೊತ್ತುಮಾಡುತ್ತದೆ. ಆ ದರ ಎಲ್ಲ ಊರುಗಳಿಗೂ ಒಂದೇ. ಒಂಟಿ ಮನೆಯೊಂದು ಒಂದು ‘ಪಾಲು’. ಅಂಗಡಿ, ಹೋಟೆಲು, ಕಾರ್ಖಾನೆಗಳಿಗೆ ಬಳಸಿದ ನೀರಿನ ಲೆಕ್ಕ: ತಿಂಗಳಿಗೆ 750 ಘನ ಅಡಿ, ಅಂದರೆ ಸುಮಾರು 21,000 ಲೀಟರಿಗೆ ಒಂದು ಪಾಲು. ತಿಂಗಳಿಗೆ 63,000 ಲೀಟರ್ ಬಳಸುವ ಹೋಟೆಲಿಗೆ ಸುಮಾರು ಮೂರು ಪಾಲು. ಊರಿನ ಆಡಳಿತ ತನ್ನ ಸ್ವಂತ ಕೊಳವೆಗಳ ಖರ್ಚನ್ನು ಇದಕ್ಕೆ ಸೇರಿಸಿ ಜನರಿಂದ ವಸೂಲು ಮಾಡುತ್ತದೆ.

2024ರಲ್ಲಿ ಒಂದು ಪಾಲಿನ ದರ ತಿಂಗಳಿಗೆ 55 ಡಾಲರ್ ದಾಟಿತು. ಒಂಟಿ ಮನೆ ಚಿಕ್ಕದಿರಲಿ ದೊಡ್ಡದಿರಲಿ, ಬಡವರದಿರಲಿ ಸಿರಿವಂತರದಿರಲಿ, ಪಾಲು ಒಂದೇ. ಕಡಿಮೆ ಆದಾಯದ ಕುಟುಂಬಕ್ಕೆ ಇದು ಹಗುರವಲ್ಲ. ಆದರೆ ಹಳೆಯ ಕೊಳವೆಗಳ ದುರಸ್ತಿಯನ್ನು ಮುಂದೂಡಿದರೆ ಅದರ ಬೆಲೆ ತೆರುವುದು ಮತ್ತೆ ನೀರೇ. ಈ ಎರಡನ್ನೂ ತೂಗಿ ನೋಡುವ ಕೆಲಸ ಅಲ್ಲಿ ಪ್ರತಿವರ್ಷ ನಡೆಯುತ್ತದೆ.

ವಿದ್ಯಾರ್ಥಿಗಳು ಹಿರಿಯರ ಜೊತೆಯಲ್ಲಿ ತಮ್ಮೂರ ಕೆರೆಗೆ ಹೋಗಿ, ಒಂದು ಬಿಳಿ ತಟ್ಟೆ ಮತ್ತು ಗಂಟು ಹಾಕಿದ ಹಗ್ಗದಿಂದ ನೀರಿನ ತಿಳಿತನವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಬಹುದು. ಆ ಕೆರೆಗೆ ಯಾವ ಯಾವ ಬಡಾವಣೆಗಳ, ಯಾವ ಯಾವ ಊರುಗಳ ನೀರು ಬರುತ್ತದೆಂದು ವಿಚಾರಿಸಿ ಪಟ್ಟಿ ಮಾಡಿದರೆ, ಖರ್ಚಿನಲ್ಲಿ ಯಾರಿಗೆಲ್ಲ ಪಾಲಿದೆ ಎಂಬುದೂ ತಿಳಿಯುತ್ತದೆ.