ಕೆಂಚಿ ಜೊತೆ ಸಿಲ್ಲಿ ದ್ವೀಪಕ್ಕೆ: ಲೀಶ್ ಬಿಚ್ಚದ ಒಂದು ವಾರ

ರಜೆ ಸಿಕ್ತು ಅಂದ್ರೆ ಉಳಿದವರು ಮೊದಲು ಟಿಕೆಟ್ ರೇಟ್ ನೋಡ್ತಾರೆ. ನಾಯಿ ಸಾಕಿದವರು ಮುಖ ಮುಖ ನೋಡ್ಕೊಂಡು ‘ಇದನ್ನ ಎಲ್ಲಿ ಬಿಡೋದು?’ ಅಂತಾರೆ. ಊರಲ್ಲಾದರೆ ಅಮ್ಮನ ಮನೆ ಇರುತ್ತೆ, ಎದುರು ಮನೆ ಆಂಟಿ ಇರ್ತಾರೆ. ಪರದೇಶದಲ್ಲಿ ನಾಯಿಗಳ ಬೋರ್ಡಿಂಗ್‌ಗೆ ದುಡ್ಡು ಕಟ್ಟಿ, ಅಲ್ಲಿಂದ ದಿನಾ ಬರುವ ಫೋಟೊದಲ್ಲಿ ಅದರ ಕಿವಿ ನೆಟ್ಟಗಿದೆಯಾ, ಜೋತುಬಿದ್ದಿದೆಯಾ ಅಂತ ಝೂಮ್ ಮಾಡಿ ನೋಡ್ತಾ ರಜೆ ಕಳೀಬೇಕು. ಅದಕ್ಕೇ ಕಳೆದ ಜೂನ್‌ನಲ್ಲಿ ಕೆಂಚಿಯನ್ನು ಕರೆದುಕೊಂಡೇ ಹೋಗೋದು ಅಂತ ತೀರ್ಮಾನ ಮಾಡಿದೆವು. ಹೋಗಿದ್ದು ಐಲ್ಸ್ ಆಫ್ ಸಿಲ್ಲಿಗೆ.

ಹೆಸರು ಕೇಳಿ ನಗಬೇಡಿ. ಇಂಗ್ಲೆಂಡಿನ ನೈಋತ್ಯ ತುದಿ ಲ್ಯಾಂಡ್ಸ್ ಎಂಡ್. ಅಲ್ಲಿಂದ ಸುಮಾರು 45 ಕಿ.ಮೀ. ಆಚೆ, ಅಟ್ಲಾಂಟಿಕ್ ಸಾಗರದಲ್ಲಿ ಚೆಲ್ಲಿಕೊಂಡಿರುವ ಪುಟ್ಟ ಪುಟ್ಟ ದ್ವೀಪಗಳ ಗುಂಪು ಇದು. ಜನ ವಾಸ ಮಾಡೋದು ಐದರಲ್ಲಿ: ಸೇಂಟ್ ಮೇರೀಸ್, ಟ್ರೆಸ್ಕೊ, ಸೇಂಟ್ ಮಾರ್ಟಿನ್ಸ್, ಬ್ರೈಯರ್, ಸೇಂಟ್ ಆಗ್ನೆಸ್. ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ ಜನ. ನಮ್ಮ ಮಲ್ಪೆಯ ಸೇಂಟ್ ಮೇರೀಸ್‌ಗೂ ಇಲ್ಲಿನದಕ್ಕೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ. ಪ್ರವಾಸಿಗರು ಕಾರು ತರೋ ಹಾಗಿಲ್ಲ. ಬಿಳಿ ಮರಳು, ಗ್ರಾನೈಟ್ ಬಂಡೆ, ನೇರಳೆ ಹೂವಿನ ಬಯಲು. ನಾಯಿಗೆ ಇದಕ್ಕಿಂತ ಸ್ವರ್ಗ ಬೇಕಾ ಅನ್ನಿಸುತ್ತೆ. ಇದರ ಉತ್ತರ ಮಾತ್ರ ಅಷ್ಟು ಸುಲಭ ಅಲ್ಲ.

ಬೀದಿಯಿಂದ ಬಂದವಳು

ಕೆಂಚಿ ಜಾತಿ ನಾಯಿ ಅಲ್ಲ. ಬೆಂಗಳೂರಿನ ಬನಶಂಕರಿಯ ಒಂದು ಬೀದಿಯಲ್ಲಿ, ನಾವು ಬಾಡಿಗೆಗಿದ್ದ ಮನೆಯ ಗೇಟಿನ ಮುಂದೆ ಬೆಳೆದವಳು. ಕೆಲಸದ ಮೇಲೆ ಇಂಗ್ಲೆಂಡಿಗೆ ಬರಬೇಕಾದಾಗ ಇವಳನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಭಾರತದಿಂದ ನಾಯಿ ತರಲು ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ. ಕನಿಷ್ಠ 30 ದಿನ ಬಿಟ್ಟು ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಹೊರಡುವ ಮುಂಚೆ ಹುಳದ ಔಷಧಿ. ಆಮೇಲೆ ವಿಮಾನದಲ್ಲಿ ಕಾರ್ಗೋ ಆಗಿ ಪ್ರಯಾಣ. ನಮ್ಮ ವೀಸಾ ಫೈಲ್‌ಗಿಂತ ಅವಳ ಫೈಲೇ ದಪ್ಪಗಿತ್ತು.

ಬೀದಿಯಲ್ಲಿದ್ದಾಗ ಅವಳಿಗೆ ಲೀಶ್ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಇಡೀ ಕ್ರಾಸ್ ಅವಳದೇ. ಇಲ್ಲಿಗೆ ಬಂದ ಮೇಲೆ ಕೊರಳಿಗೆ ನಮ್ಮ ಹೆಸರು, ವಿಳಾಸ ಇರುವ ಪಟ್ಟಿ ಕಟ್ಟಬೇಕು, ಅದು ಕಾನೂನು. ರಸ್ತೆಗಿಳಿದರೆ ಲೀಶ್. ಹಾಗಾಗಿ ಕಾರಿಲ್ಲದ ದ್ವೀಪ ಅಂದಾಗ ನನ್ನ ತಲೆಯಲ್ಲಿ ಬಂದ ಮೊದಲ ಚಿತ್ರ, ಕೆಂಚಿ ಖಾಲಿ ಬೀಚಿನಲ್ಲಿ ಬಾಲ ಎತ್ತಿಕೊಂಡು ಓಡೋದು. ಹೊರಡುವ ಮುಂಚೆ ಓದುತ್ತಾ ಹೋದ ಹಾಗೆ ಆ ಚಿತ್ರ ಬದಲಾಯಿತು. ಅದನ್ನೇ ಇಲ್ಲಿ ಹೇಳಬೇಕಾಗಿರೋದು.

ಹಡಗು, ದೋಣಿ, ಮೆಟ್ಟಿಲು

ಮೊದಲು ಪ್ರಯಾಣದ ಮಾತು. ಪೆನ್ಜಾನ್ಸ್ ಬಂದರಿನಿಂದ ಸೇಂಟ್ ಮೇರೀಸ್‌ಗೆ ಹಡಗಿನಲ್ಲಿ ಸುಮಾರು ಎರಡು ಮುಕ್ಕಾಲು ಗಂಟೆ. ಚಳಿಗಾಲದಲ್ಲಿ ಈ ಪ್ರಯಾಣಿಕರ ಹಡಗು ಓಡುವುದಿಲ್ಲ. ನಾಯಿಗೂ ಟಿಕೆಟ್ ಇದೆ, ಲೀಶ್ ಹಾಕಿ ಜೊತೆಯಲ್ಲೇ ಇಟ್ಟುಕೊಳ್ಳಬಹುದು. ಪುಟ್ಟ ವಿಮಾನವೂ ಇದೆ. ಆದರೆ ನಾಯಿಗೆ ಜಾಗ ಕಡಿಮೆ, ಮೊದಲೇ ಹೇಳಿ ಬುಕ್ ಮಾಡಬೇಕು. ಮಂಜು ಕವಿದರೆ ವಿಮಾನ ಹಾರೋದಿಲ್ಲ.

ದ್ವೀಪದ ಬಂದರುಗಳಲ್ಲಿ ನೀರು ಆಳ ಇಲ್ಲ. ಅದಕ್ಕೆ ತಕ್ಕ ಹಾಗೆ ಈ ಮಾರ್ಗದ ಹಡಗಿನ ತಳ ನೀರಿಗೆ ಹೆಚ್ಚು ಇಳಿಯದಂತೆ ಕಟ್ಟಿರ್ತಾರೆ. ಹಾಗಾಗಿ ಅಲೆ ಎದ್ದರೆ ಹಡಗು ಚೆನ್ನಾಗೇ ಹೊರಳಾಡುತ್ತೆ. ಹೊಟ್ಟೆ ತೊಳೆಸೋದಕ್ಕೆ ಹೆಸರುವಾಸಿಯಾದ ಪ್ರಯಾಣ ಇದು. ನಾಯಿಗೂ ಅಷ್ಟೇ. ಹೊರಡುವ ಕೆಲವು ಗಂಟೆ ಮುಂಚೆ ಊಟ ಕಡಿಮೆ ಮಾಡಿ, ಔಷಧಿ ಬೇಕಾ ಅಂತ ವೆಟ್ ಹತ್ತಿರ ಕೇಳಿ. ಮನುಷ್ಯರ ಮಾತ್ರೆ ನೀವಾಗೇ ಕೊಡಬೇಡಿ. ಕೆಂಚಿ ಡೆಕ್ಕಿನ ಮೇಲೆ ನನ್ನ ಕಾಲಿನ ಮೇಲೆ ಗಲ್ಲ ಇಟ್ಟು ಇಡೀ ದಾರಿ ನಡುಗುತ್ತಾ ಕೂತಿದ್ದಳು. ಸೇಂಟ್ ಮೇರೀಸ್‌ನಲ್ಲಿ ಇಳಿದ ಹತ್ತೇ ನಿಮಿಷಕ್ಕೆ ಮೀನಿನ ವಾಸನೆ ಹಿಡಿದು ಎಲ್ಲ ಮರೆತಳು.

ಒಂದು ದ್ವೀಪದಿಂದ ಇನ್ನೊಂದಕ್ಕೆ ತೆರೆದ ದೋಣಿ. ನಮ್ಮಲ್ಲಿ ಬಸ್ ಹತ್ತಿದ ಹಾಗೆ ಇಲ್ಲಿ ದೋಣಿ. ಇಳಿಯುವ ಜಾಗ ಮಾತ್ರ ಉಬ್ಬರ ಇಳಿತ ನೋಡಿ ಬದಲಾಗುತ್ತೆ. ಬೆಳಗ್ಗೆ ಇಳಿದ ಕಟ್ಟೆಯಲ್ಲೇ ಸಂಜೆ ದೋಣಿ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ದೋಣಿಯವರನ್ನು ಕೇಳಿಯೇ ಇಳಿಯಿರಿ. ಕಲ್ಲಿನ ಮೆಟ್ಟಿಲುಗಳಿಗೆ ಪಾಚಿ ಹಿಡಿದಿರುತ್ತೆ. ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ ಹಾಕಿದ್ದರೆ ನಾಯಿಯನ್ನು ಸೂಟ್‌ಕೇಸ್ ಥರ ಎತ್ತಿ ಇಳಿಸಬಹುದು. ಆ ವಾರದಲ್ಲಿ ನಾವು ಅತಿ ಹೆಚ್ಚು ಬಳಸಿದ ವಸ್ತು ಅದೇ.

ಇಲಿ ಹೋಯಿತು, ಹಕ್ಕಿ ಬಂತು

ನಾವು ಉಳಿದಿದ್ದು ಸೇಂಟ್ ಆಗ್ನೆಸ್‌ನಲ್ಲಿ, ನಾಯಿ ತರಬಹುದು ಅಂತ ಒಪ್ಪಿದ ಒಂದು ಪುಟ್ಟ ಬಾಡಿಗೆ ಮನೆಯಲ್ಲಿ. ಇಳಿತದ ವೇಳೆ ಮರಳಿನ ದಿಬ್ಬವೊಂದು ಮೇಲೆದ್ದು ಪಕ್ಕದ ಗೂ ಅನ್ನುವ ದ್ವೀಪಕ್ಕೆ ದಾರಿಯಾಗುತ್ತೆ. ಈ ಎರಡು ದ್ವೀಪಗಳ ಕಥೆ ಗೊತ್ತಾದ ಮೇಲೇ ನಮ್ಮ ಲೀಶ್ ವಿಷಯ ಇತ್ಯರ್ಥ ಆಗಿದ್ದು.

ಹಿಂದಿನ ಕಾಲದಲ್ಲಿ ಹಡಗುಗಳ ಜೊತೆ ಇಲಿಗಳು ಇಲ್ಲಿಗೆ ಬಂದವು. ಇಲ್ಲಿ ಮರಿ ಮಾಡುವ ಮ್ಯಾಂಕ್ಸ್ ಶಿಯರ್‌ವಾಟರ್, ಸ್ಟಾರ್ಮ್ ಪೆಟ್ರೆಲ್ ಅನ್ನುವ ಕಡಲಹಕ್ಕಿಗಳು ಮರದ ಮೇಲೆ ಗೂಡು ಕಟ್ಟುವುದಿಲ್ಲ. ನೆಲದ ಬಿಲದಲ್ಲಿ, ಕಲ್ಲುಗಳ ಸಂದಿಯಲ್ಲಿ ವರ್ಷಕ್ಕೆ ಒಂದೇ ಒಂದು ಮೊಟ್ಟೆ ಇಡುತ್ತವೆ. ಇಲಿಗೆ ಅದು ಬಾಗಿಲಿಲ್ಲದ ಉಗ್ರಾಣ. ಮರಿಗಳು ಉಳಿಯದೇ ಹೋದವು.

2013–14ರ ಚಳಿಗಾಲದಲ್ಲಿ ಸೇಂಟ್ ಆಗ್ನೆಸ್ ಮತ್ತು ಗೂ ಎರಡರಿಂದಲೂ ಇಲಿಗಳನ್ನು ಪೂರ್ತಿ ತೆಗೆದರು. ದ್ವೀಪದಲ್ಲಿರೋದೇ ನೂರರೊಳಗೆ ಜನ, ಅವರೆಲ್ಲ ಸಹಕರಿಸದೆ ಆಗುವ ಕೆಲಸ ಅಲ್ಲ ಅದು. ಕೊಟ್ಟಿಗೆ, ಕಸದ ಬುಟ್ಟಿ, ಕೋಳಿ ಗೂಡು ಎಲ್ಲದರ ಮೇಲೂ ಕಣ್ಣಿಡಬೇಕಿತ್ತು. 2014ರಲ್ಲೇ ಶಿಯರ್‌ವಾಟರ್ ಮರಿಗಳು ಬಿಲದ ಹೊರಗೆ ಕಾಣಿಸಿಕೊಂಡವು. ಅಲ್ಲಿನವರ ನೆನಪಿಗೆ ಬರುವಷ್ಟು ಕಾಲದಲ್ಲಿ ಅದೇ ಮೊದಲು. 2016ರಲ್ಲಿ ಎರಡೂ ದ್ವೀಪಗಳು ಇಲಿಮುಕ್ತ ಎಂದು ಘೋಷಣೆ ಆಯಿತು. ಸ್ಟಾರ್ಮ್ ಪೆಟ್ರೆಲ್ ಅಂದ್ರೆ ಗುಬ್ಬಚ್ಚಿಗಿಂತ ತುಸು ದೊಡ್ಡದು, ತೂಕ 25 ಗ್ರಾಂ ಆಸುಪಾಸು. ಅಷ್ಟು ಪುಟ್ಟ ಜೀವ ವರ್ಷದ ಬಹುಪಾಲು ಸಾಗರದ ಮೇಲೇ ಕಳೆದು, ಮೊಟ್ಟೆ ಇಡೋಕೆ ಮಾತ್ರ ನೆಲಕ್ಕೆ ಬರುತ್ತೆ. ಅದು ಬರುವ ಆ ನೆಲದ ಮೇಲೇ ನಾವು ನಾಯಿ ಹಿಡಿದುಕೊಂಡು ನಿಂತಿರ್ತೀವಿ.

‘ನಮ್ಮ ನಾಯಿ ಏನೂ ಮಾಡಲ್ಲ’ ಅಂತ ಎಲ್ಲರೂ ಹೇಳೋದೇ. ಕಚ್ಚಲೇಬೇಕು ಅಂತೇನಿಲ್ಲ. ಬೀಚಿನ ಬೆಣಚುಕಲ್ಲಿನ ನಡುವೆ ರಿಂಗ್ಡ್ ಪ್ಲವರ್ ಹಕ್ಕಿ, ನಮ್ಮ ಟಿಟ್ಟಿಭದ ಹಾಗೆ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತೆ. ಕಲ್ಲು ಯಾವುದು ಮೊಟ್ಟೆ ಯಾವುದು ಅಂತ ಗೊತ್ತಾಗಲ್ಲ. ನಾಯಿ ಹತ್ತಿರ ಸುಳಿದರೆ ತಾಯಿ ಹಕ್ಕಿ ಎದ್ದು ಹೋಗುತ್ತೆ. ಅಷ್ಟರಲ್ಲಿ ಮೊಟ್ಟೆ ತಣ್ಣಗಾಗಬಹುದು, ಇಲ್ಲಾ ಗಲ್ ಹಕ್ಕಿ ಬಂದು ಎತ್ತಿಕೊಂಡು ಹೋಗಬಹುದು. ನಾಯಿ ಅಷ್ಟು ಹೊತ್ತಿಗೆ ಬಾಲ ಅಲ್ಲಾಡಿಸುತ್ತಾ ಮುಂದೆ ಹೋಗಿರುತ್ತೆ. ಏನಾಯ್ತು ಅಂತ ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಗೂ ದ್ವೀಪದಲ್ಲಿ

ಮೂರನೇ ದಿನ ಇಳಿತದ ಹೊತ್ತು ನೋಡಿಕೊಂಡು ಮರಳ ದಿಬ್ಬ ದಾಟಿ ಗೂಗೆ ಹೋದೆವು. ಉಬ್ಬರ ಬಂದರೆ ಈ ದಾರಿ ಮುಳುಗುತ್ತೆ, ಸೆಳೆತ ಜೋರು, ಈಜಿ ದಾಟುವ ಸಾಹಸ ಬೇಡವೇ ಬೇಡ. ಅಲ್ಲಿ ಗಲ್ ಹಕ್ಕಿಗಳ ದೊಡ್ಡ ಕಾಲೊನಿ ಇದೆ. ಕಾಲುದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿದ್ದೇ ತಡ, ತಲೆ ಮೇಲೆ ಕಿರುಚಾಟ ಶುರುವಾಯಿತು. ಒಂದು ಹಕ್ಕಿ ನನ್ನ ಟೋಪಿ ಸವರುವಷ್ಟು ಕೆಳಗೆ ಹಾರಿತು.

ಕೆಂಚಿ ಬೀದಿಯಲ್ಲಿ ಬೇಟೆಯಾಡಿ ಬೆಳೆದವಳು. ಕಿವಿ ಮುಂದೆ ಬಂತು, ಒಂದು ಕಾಲು ಮೇಲೆತ್ತಿದಳು, ಮೈ ಬಿಲ್ಲಿನ ಥರ ಬಿಗಿಯಾಯಿತು. ಎರಡು ಮೀಟರ್ ಲೀಶ್ ತಂತಿಯಂತೆ ನೆಟ್ಟಗಾಗಿ ನನ್ನ ಕೈ ಎಳೆಯಿತು. ಅವಳನ್ನು ಮೂರು ವರ್ಷದಿಂದ ಇಷ್ಟು ಜೀವಂತವಾಗಿ ನೋಡಿರಲಿಲ್ಲ. ಕ್ಲಿಪ್ ನನ್ನ ಹೆಬ್ಬೆರಳ ಕೆಳಗೇ ಇತ್ತು. ಸುತ್ತ ಒಬ್ಬ ಮನುಷ್ಯ ಇಲ್ಲ. ಒಂದೇ ಒಂದು ಓಟ, ಏನು ಮಹಾ ಅಂತ ಮನಸ್ಸು ಹೇಳ್ತಿತ್ತು. ಲೀಶನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೊರಟೆವು. ಅವಳು ಹಿಂದೆ ತಿರುಗಿ ತಿರುಗಿ ನೋಡ್ತಾನೇ ಬಂದಳು. ನನಗೆ ಸಂಕಟ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ.

ನಮ್ಮ ಲಕ್ಷದ್ವೀಪ ನೆನಪಾಯಿತು. ಅಲ್ಲಿ ನಾಯಿಗಳೇ ಇಲ್ಲ, ಪ್ರವಾಸಿಗರೂ ನಾಯಿ ಒಯ್ಯುವಂತಿಲ್ಲ. ರೇಬಿಸ್ ಇಲ್ಲದ ನೆಲ ಅದು, ಹಾಗೇ ಇಟ್ಟುಕೊಂಡಿದ್ದಾರೆ. ಸಿಲ್ಲಿಯವರು ‘ಬೇಡ’ ಅನ್ನಲಿಲ್ಲ, ‘ಹಿಡ್ಕೊಂಡು ಬನ್ನಿ’ ಅಂದರು. ಆ ನಂಬಿಕೆಗೆ ನಾವು ಕೊಡುವ ಬಾಡಿಗೆ ಎರಡು ಮೀಟರ್ ಲೀಶ್. ದುಬಾರಿ ಅನ್ನಿಸಲಿಲ್ಲ.

ಹಾಗಂತ ಅವಳ ವಾರವೇನೂ ಸಪ್ಪೆ ಆಗಲಿಲ್ಲ. ನಾಯಿಗೆ ಅವಕಾಶ ಇರುವ ಬೀಚಿನಲ್ಲಿ, ನೀರಿನ ಅಂಚಿನ ಒದ್ದೆ ಮರಳಲ್ಲಿ ಉದ್ದ ಹಗ್ಗ ಕಟ್ಟಿ ನಾನೂ ಜೊತೆಗೆ ಓಡಿದೆ. ಕಡಲಪಾಚಿಯ ರಾಶಿ ಮೂಸೋದಕ್ಕೇ ದಿನಕ್ಕೆ ಒಂದು ಗಂಟೆ. ಪಬ್‌ನಲ್ಲಿ ಮೇಜಿನ ಕೆಳಗೆ ಅವಳಿಗೊಂದು ನೀರಿನ ಬಟ್ಟಲು. ಒಂದು ದಿನ ಸೇಂಟ್ ಮೇರೀಸ್‌ನ ಓಲ್ಡ್ ಟೌನ್ ಚರ್ಚಿನ ಅಂಗಳಕ್ಕೆ ಹೋದೆವು. ಬ್ರಿಟನ್ನಿನ ಎರಡು ಸಲದ ಪ್ರಧಾನಿ ಹೆರಾಲ್ಡ್ ವಿಲ್ಸನ್ 1995ರಲ್ಲಿ ತೀರಿಕೊಂಡಾಗ ಸಮಾಧಿ ಮಾಡಿದ್ದು ಅಲ್ಲೇ. ಈ ದ್ವೀಪದಲ್ಲಿ ಅವರದೊಂದು ಸಾದಾ ಮನೆ ಇತ್ತು, ಪ್ಯಾಡಿ ಅನ್ನುವ ಲ್ಯಾಬ್ರಡಾರ್ ಇತ್ತು. ದೇಶ ಆಳುವವರಿಗೂ ರಜೆಯಲ್ಲಿ ನಾಯಿ ಬೇಕು.

ನೀವು ಹೊರಡುವುದಾದರೆ

ಮನೆ ಬುಕ್ ಮಾಡುವಾಗ ನಾಯಿ ಬರುತ್ತೆ ಅಂತ ಮೊದಲೇ ಹೇಳಿ. ಕೆಲವು ಬೀಚ್‌ಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ನಾಯಿಗೆ ಪ್ರವೇಶ ಇಲ್ಲ, ಬೋರ್ಡ್ ಓದಿ. ದನ, ಕುದುರೆ ಮೇಯುವ ಬಯಲುಗಳಿವೆ, ದೂರದಿಂದ ಸುತ್ತಿಕೊಂಡು ಹೋಗಿ. ಆನೆಟ್ ಅನ್ನುವ ದ್ವೀಪ ಹಕ್ಕಿಗಳಿಗೇ ಮೀಸಲು, ಮರಿ ಮಾಡುವ ಕಾಲದಲ್ಲಿ ಮನುಷ್ಯರೂ ಕಾಲಿಡುವಂತಿಲ್ಲ. ಔಷಧಿ, ರೂಢಿಯ ಆಹಾರ ಮನೆಯಿಂದಲೇ ಒಯ್ಯಿರಿ. ಹವಾಮಾನ ಕೈಕೊಟ್ಟರೆ ಇರಲಿ ಅಂತ ಎರಡು ದಿನದ್ದು ಹೆಚ್ಚಿಗೇ ಇರಲಿ. ಕಕ್ಕ ಎತ್ತುವ ಚೀಲ ಜೇಬಿನಲ್ಲಿರಲಿ. ಹೊರಡುವ ಮುಂಚೆ ನಿಮ್ಮ ಬ್ಯಾಗು, ನಾಯಿಯ ಆಹಾರದ ಚೀಲ ಒಮ್ಮೆ ಬಿಚ್ಚಿ ಕೊಡವಿ. ಒಂದು ಬಸುರಿ ಇಲಿ ಒಳಗೆ ಸೇರಿಕೊಂಡು ದ್ವೀಪಕ್ಕೆ ಇಳಿದರೆ ಅಲ್ಲಿನವರ ಇಷ್ಟು ವರ್ಷದ ಶ್ರಮ ಮಣ್ಣುಪಾಲು.

ಹಕ್ಕಿ ಮರಿ ಮಾಡದ ತಿಂಗಳಲ್ಲಿ ಹೋದರೆ ಲೀಶ್ ಬಿಚ್ಚಬಹುದಲ್ವಾ ಅಂತ ಎಕ್ಸೆಟರ್‌ನಲ್ಲಿರುವ ಗೆಳೆಯರೊಬ್ಬರು ಕೇಳಿದರು. ಲೆಕ್ಕ ಹಾಕಿ ನೋಡಿದೆ. ವಸಂತದಿಂದ ಬೇಸಿಗೆವರೆಗೆ ಬೀಚಿನ ಹಕ್ಕಿಗಳು. ಬಿಲದ ಹಕ್ಕಿಗಳ ಮರಿಗಳು ಹಾರಿ ಹೋಗುವಾಗ ಸೆಪ್ಟೆಂಬರ್ ಬಂದಿರುತ್ತೆ, ಪೆಟ್ರೆಲ್ ಮರಿಗಳು ಇನ್ನೂ ತಡ. ಅಷ್ಟರಲ್ಲಿ ಕಡಲನಾಯಿಗಳು, ಅದೇ ಗ್ರೇ ಸೀಲ್‌ಗಳು, ದಡದ ಬಂಡೆಗಳಲ್ಲಿ ಮರಿ ಹಾಕಲು ಶುರು ಮಾಡುತ್ತವೆ. ಅದಾದ ಮೇಲೆ ಚಳಿಗಾಲ, ಹಡಗೇ ಇಲ್ಲ. ಹಾಗಾಗಿ ಲೀಶ್ ಬಿಚ್ಚುವ ತಿಂಗಳು ನನಗಂತೂ ಸಿಗಲಿಲ್ಲ. ಮುಂದಿನ ಸೆಪ್ಟೆಂಬರ್‌ಗೆ ಮೂರು ಟಿಕೆಟ್ ಬುಕ್ ಮಾಡಿದ್ದೀವಿ, ಎರಡು ನಮಗೆ, ಒಂದು ಕೆಂಚಿಗೆ. ಉದ್ದ ಹಗ್ಗ ಮಾತ್ರ ಹೊಸದು ತಗೋಬೇಕು, ಹಳೆಯದನ್ನು ಅರ್ಧಕ್ಕೆ ಕಡಿದು ಹಾಕಿದ್ದಾಳೆ.